ಕಂಠದೀಪ ಮತ್ತು ನನ್ನ ಹೊಟ್ಟೆಕಿಚ್ಚು

ಮನುಷ್ಯನ ಮಾತು ಯಾವ ಭಾವದಿಂದ ಹೊರಟಿದೆ ಎಂದು ತೋರಿಸುವ ದೀಪವೊಂದಿದ್ದರೆ ಹೇಗೆ? ಈ ಪ್ರಶ್ನೆಯನ್ನು ಮೊದಲು ಕೇಳಿದವಳು ನಾನು. ಧಾರವಾಡದ ನಮ್ಮ ಧ್ವನಿ ಪ್ರಯೋಗಾಲಯದ ಹಿಂದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ತಮಾಷೆಗೆಂದು ಕೇಳಿದ್ದೆ. ಎದುರಿಗೆ ಕುಳಿತಿದ್ದ ನನ್ನ ಸಹಪಾಠಿ, ಸಹೋದ್ಯೋಗಿ ಮಂದಾಕಿನಿ ನಗಲಿಲ್ಲ. ಕಪ್ಪು ಕೆಳಗಿಟ್ಟು, "ಮಾಡೋಣಲ್ಲ?" ಎಂದಳು. ಆರು ವರ್ಷದ ಮೇಲೆ ಆ ದೀಪ ತಯಾರಾಗಿ ಅವಳ ಫೋಟೊ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು. ನಾನು ಅವಳ ಪ್ರಬಂಧದ ಕೊನೆಯ ಪುಟದಲ್ಲಿ 'ಮತ್ತು ಇತರ ಸಹಾಯಕರು' ಎಂಬ ಮೂರು ಪದಗಳೊಳಗೆ ಎಲ್ಲೋ ಇದ್ದೇನೆ. ಹುಡುಕಿಕೊಳ್ಳಬೇಕು.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾವೇ ಕಂಡುಹಿಡಿದೆವು ಎಂದು ನೀವು ಬೀಗುವುದು ಬೇಡ. ನನಗೆ ಮಂದಾಕಿನಿಯ ಮೇಲೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ. ಅವಳು ಟೀವಿಯಲ್ಲಿ ಬಂದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅವಳ ಸೀರೆ ಚೆನ್ನಾಗಿದ್ದರೆ ಒಂದು ಸಂಕಟ. ಚೆನ್ನಾಗಿಲ್ಲದಿದ್ದರೂ ಜನ ಹೊಗಳುತ್ತಾರಲ್ಲ ಎಂದು ಇನ್ನೊಂದು ಸಂಕಟ. ನನ್ನ ಹೆಸರು ನೀಲಾಂಬಿಕಾ, ವಯಸ್ಸು ಐವತ್ತನಾಲ್ಕು. ಎಂ.ಎಸ್ಸಿ.ಯಲ್ಲಿ ನನಗೆ ಮೊದಲ ಸ್ಥಾನ, ಅವಳಿಗೆ ಮೂರನೆಯದು. ಇದನ್ನು ನಾನು ಯಾರಿಗೂ ನೆನಪಿಸುವುದಿಲ್ಲ, ತೀರ ಸಂದರ್ಭ ಬಂದರೆ ಮಾತ್ರ. ಸಂದರ್ಭ ವಾರಕ್ಕೆ ಎರಡು ಸಲ ಬರುತ್ತಿತ್ತು.

ಕಂಠದೀಪ ನೋಡಲು ದೊಡ್ಡ ಸಂಗತಿಯೇನಲ್ಲ. ಮೈಕಿನ ಪಕ್ಕದಲ್ಲಿ ಒಂದು ಗಾಜಿನ ಗೋಲ, ಅದರ ಕೆಳಗೆ ಅಂಗೈಯಗಲದ ಪೆಟ್ಟಿಗೆ. ಮಾತಾಡುವಾಗ ನಮ್ಮ ಗಂಟಲಿನ ಸ್ನಾಯುಗಳು ಕಿವಿಗೆ ಗೊತ್ತಾಗದಷ್ಟು ಸಣ್ಣಗೆ ನಡುಗುತ್ತವೆ. ಉಸಿರು ಎಳೆದುಕೊಳ್ಳುವ ರೀತಿ, ಎರಡು ಮಾತಿನ ನಡುವಿನ ಬಿಡುವು ಎಲ್ಲವೂ ಭಾವಕ್ಕೆ ತಕ್ಕಂತೆ ಬದಲಾಗುತ್ತವೆ. ಪೆಟ್ಟಿಗೆ ಅದನ್ನು ಹಿಡಿದು, ತನಗೆ ಮೊದಲೇ ಕಲಿಸಿದ ಎರಡು ಸಾವಿರದ ನೂರ ನಲವತ್ತು ಧ್ವನಿ ತುಣುಕುಗಳ ಜೊತೆ ಹೋಲಿಸಿ ನೋಡುತ್ತದೆ. ಮಾತಿನ ಅರ್ಥ ಅದಕ್ಕೆ ಗೊತ್ತಿಲ್ಲ. ಕಾಳಜಿಯಿಂದ ಬಂದ ಮಾತಾದರೆ ಗೋಲ ಬೆಳ್ಳಗೆ ಬೆಳಗುತ್ತದೆ, ಅಂಜಿಕೆಯಿಂದ ಬಂದದ್ದಾದರೆ ನೀಲಿ, ಲಾಭದ ಆಸೆಯಿಂದ ಬಂದದ್ದಾದರೆ ಹಳದಿ. ಹೊಟ್ಟೆಕಿಚ್ಚಿನಿಂದ ಬಂದದ್ದಾದರೆ ಕೆಂಡದ ಬಣ್ಣ.

ಅದು ಬರುವ ಮೊದಲು ನಮ್ಮ ನಾಡಿನಲ್ಲಿ ದೊಡ್ಡ ಮನುಷ್ಯರೆಲ್ಲರಿಗೂ ಎಲ್ಲ ಯಂತ್ರಗಳ ಬಗ್ಗೆಯೂ ಅಭಿಪ್ರಾಯವಿತ್ತು. ಹೊಸದೇನಾದರೂ ಬರುತ್ತದೆ ಎಂದರೆ ಸಾಕು, ಉದ್ಯಮಿಯೊಬ್ಬರು ಇದರಿಂದ ಬಡತನ ತೊಲಗುತ್ತದೆ ಎನ್ನುವರು. ಮಠಾಧೀಶರೊಬ್ಬರು ಇದರಿಂದ ಮನುಷ್ಯತ್ವವೇ ತೊಲಗುತ್ತದೆ ಎನ್ನುವರು. ತಮ್ಮ ಮೊಬೈಲು ಕೆಟ್ಟರೆ ಮೊಮ್ಮಗಳ ಕೈಗೆ ಕೊಡುವ ನಟರೊಬ್ಬರು ಮುಂದಿನ ನೂರು ವರ್ಷ ಹೇಗಿರುತ್ತದೆ ಎಂದು ಒಂದು ತಾಸು ವಿವರಿಸುವರು. ಯಾರನ್ನು ನಂಬುವುದು, ಯಾರನ್ನು ಬಿಡುವುದು? ಕಂಠದೀಪ ಬಂದ ಮೊದಲ ತಿಂಗಳಲ್ಲೇ ಉದ್ಯಮಿಗೆ ಹಳದಿ ಬಂತು. ಶಿಷ್ಯರು ಕೈಬಿಟ್ಟಾರು ಎಂಬ ದಿಗಿಲಿಗೋ ಏನೋ, ಮಠಾಧೀಶರಿಗೆ ನೀಲಿ ಬಂತು. ನಟರಿಗೆ ಬಂದ ಹಳದಿಯಂತೂ ಎಷ್ಟು ಗಾಢವಾಗಿತ್ತೆಂದರೆ ಮುಂದಿನ ಸಾಲಿನವರ ಬಿಳಿ ಅಂಗಿಗಳೆಲ್ಲ ಅರಿಸಿನ ಹಚ್ಚಿದಂತೆ ಕಂಡವು. ಜನ ಬಿದ್ದು ಬಿದ್ದು ನಕ್ಕರು. ಒಬ್ಬ ಶಾಸಕಿಗೆ ಕೆಂಡ ಬಂದಾಗ ಮೂರು ದಿನ ನಕ್ಕರು. ನಾನೂ ನಕ್ಕೆ.

ಸರ್ಕಾರ ತಡಮಾಡಲಿಲ್ಲ. ತಂತ್ರಜ್ಞಾನ ಅಹವಾಲು ಆಯೋಗ ಎಂಬುದೊಂದನ್ನು ಮಾಡಿ, ಯಾವ ಯಂತ್ರ, ಯಾವ ಕಾರ್ಖಾನೆಯ ಬಗ್ಗೆ ಯಾರೇ ಮಾತಾಡಲಿ, ದೀಪದ ಮುಂದೆಯೇ ಮಾತಾಡಬೇಕು ಎಂದಿತು. ಬಿಳಿಯೋ ನೀಲಿಯೋ ಬಂದ ಮಾತು ದಾಖಲೆಗೆ ಹೋಗುತ್ತದೆ, ಹಳದಿ ಬಂದರೆ, ಕೆಂಡ ಬಂದರೆ ತೆಗೆದುಹಾಕುತ್ತಾರೆ. ಆಯೋಗದ ಸಭೆಗಳಿಗೆ ಹೋಗಿ ದೀಪ ಜೋಡಿಸಿ, ತಂತಿ ಸಿಕ್ಕಿಸಿ, ಹಿಂದೆ ಕುಳಿತು ನೋಡಿಕೊಳ್ಳುವ ಕೆಲಸ ನನ್ನದು. ಮೊದಲ ಸ್ಥಾನ ಪಡೆದವಳ ಗತಿ.

ಮನೆಯಲ್ಲಿಯೂ ನೆಮ್ಮದಿಯಿರಲಿಲ್ಲ. ನನ್ನ ಗಂಡ ಚನ್ನವೀರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವರು. ಮಂದಾಕಿನಿಗೆ ಊರವರು ಸನ್ಮಾನ ಮಾಡಿದಾಗ ಅವಳ ಫೋಟೊಗೆ ಕಟ್ಟು ಹಾಕಿದ್ದು ಇವರೇ, ಅದೂ ಸಾಗುವಾನಿಯ ಕಟ್ಟು.

"ನೋಡ ನೀಲಾ, ಎಷ್ಟ ಛಂದ ಹೇಳ್ಯಾಳ," ಎಂದು ಒಂದು ಮುಂಜಾನೆ ಪೇಪರು ಎತ್ತಿ ಹಿಡಿದರು. "ಯಂತ್ರದ ಭರವಸೆ, ಯಂತ್ರದ ಅಪಾಯ, ಎರಡನ್ನೂ ಹೇಳುವ ಗಂಟಲು ಮೊದಲು ಸ್ವಚ್ಛವಾಗಿರಲಿ, ಅಂತ. ಇದನ್ನ ಬರಸಿ ಅಂಗಡ್ಯಾಗ ತೂಗಹಾಕಬೇಕ ನೋಡು."

"ಮೊದಲ ನಿಮ್ಮ ಗಂಟಲಕ್ಕ ಚಹಾ ಹಾಕ್ಕೋರಿ, ಆರಾಕತ್ತೈತಿ."

"ನಿನಗ್ಯಾಕ ಅಷ್ಟ ಸಿಟ್ಟು? ನಿನ್ನ ಗೆಳತಿ ಅಲ್ಲನ?"

"ಗೆಳತಿ ಅಂತನ ಸಿಟ್ಟು."

ಅಷ್ಟರಲ್ಲಿ ಬಾಗಿಲಲ್ಲಿ ಫಕ್ಕೀರವ್ವ ಬಂದಳು. ರೈಲು ಹಳಿಯ ಆಚೆಯ ಕಾಲನಿಯಿಂದ ದಿನಾ ನಸುಕಿನಲ್ಲಿ ರೊಟ್ಟಿ ಬಡಿದು ಐದಾರು ಮನೆಗಳಿಗೆ ತಂದುಕೊಡುವವಳು. ಎಂಟು ವರ್ಷದಿಂದ ಬರುತ್ತಿದ್ದಾಳೆ. ಅವಳ ಬಾಯಲ್ಲಿ ಇನ್ನೊಬ್ಬರ ಬಗ್ಗೆ ಒಂದು ಕೆಟ್ಟ ಮಾತನ್ನು ನಾನು ಕೇಳಿಲ್ಲ. ಕೇಳಬೇಕೆಂದು ಪ್ರಯತ್ನ ಮಾಡಿದ್ದೂ ಉಂಟು, ಆದರೂ ಆಡಲಿಲ್ಲ.

"ಯಕ್ಕಾರ, ಸೋಮವಾರ ನಾನೂ ಮೈಕಿನ ಮುಂದ ಮಾತಾಡಾಕಿ," ಎಂದಳು ನಾಚಿಕೊಂಡು. "ಓಣ್ಯಾನ ಹೆಣಮಕ್ಕಳೆಲ್ಲಾ ನೀನ ಹೇಳವಾ ಅಂದಾರ."

ಅವರ ಕಾಲನಿಯ ಬದಿಗೆ ಹಳೆಯ ಬ್ಯಾಟರಿಗಳನ್ನು ಕರಗಿಸುವ ಒಂದು ಸಣ್ಣ ಭಟ್ಟಿ ಆರು ತಿಂಗಳಿಂದ ನಡೆದಿತ್ತು. ಈಗ ಅದರ ಹತ್ತು ಪಟ್ಟು ದೊಡ್ಡದನ್ನು ಹಾಕಲು ಕಂಪನಿಯಿಂದ ಆಯೋಗಕ್ಕೆ ಅರ್ಜಿ ಬಂದಿತ್ತು. ಕಾಲನಿಯ ಗಂಡಸರು ಬಹಳ ಮಂದಿ ಅಲ್ಲಿಯೇ ಕೂಲಿಗೆ ಹೋಗುವವರಾದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಹೆಂಗಸರು ಹೇಳದಿದ್ದರೆ ಹೇಳುವವರೇ ಇಲ್ಲ.

ಸೋಮವಾರ ಸಭಾಭವನದಲ್ಲಿ ದೀಪ ಜೋಡಿಸಿ ನಾನು ಮೂಲೆಯ ಮೇಜಿಗೆ ಕುಳಿತೆ. ಮೊದಲು ಕಂಪನಿಯ ಕಡೆಯವರು ಮಾತಾಡಿದರು. ಒಬ್ಬರಿಗೆ ಹಳದಿ ಬಂತು, ಇಬ್ಬರಿಗೆ ಬಿಳಿ. ನಿವೃತ್ತ ಪ್ರಾಂಶುಪಾಲರೊಬ್ಬರು ಹಳೆಯ ಬ್ಯಾಟರಿ ಬೀದಿಯಲ್ಲಿ ಬೀಳುವುದಕ್ಕಿಂತ ಭಟ್ಟಿಯಲ್ಲಿ ಬೀಳುವುದು ಲೇಸು ಎಂದರು. ಅವರದು ಹಾಲಿನಂಥ ಬಿಳಿ. ಆಮೇಲೆ ಫಕ್ಕೀರವ್ವ ಎದ್ದಳು. ಸೆರಗು ಬಿಗಿದುಕೊಂಡು ಮೈಕಿಗೆ ಕೈಮುಗಿದಳು.

"ನಮಸ್ಕಾರ್ರೀ ಸಾಹೇಬ್ರ. ಆರ ತಿಂಗಳದಿಂದ ನಮ್ಮ ಬಾವಿ ನೀರು ವಾಸನಿ ಬರಾಕತ್ತೈತ್ರಿ. ಕೂಸುಗಳು ಕುಡದ್ರ ವಾಂತಿ ಮಾಡ್ಕೋತಾವು. ಸಣ್ಣ ಭಟ್ಟಿಗೇ ಹಿಂಗಾದ್ರ ದೊಡ್ಡದ ಬಂದ ಮ್ಯಾಲ ಏನ್ರಿ ಗತಿ?"

ಅವಳು ಎರಡನೆಯ ಮಾತು ಮುಗಿಸುವ ಮೊದಲೇ ಗೋಲ ಕೆಂಡವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಕೆಟ್ಟವರಲ್ಲ, ಆದರೆ ನಿಯಮದವರು. "ಕೆಂಡ ಬಂದಿದೆ. ದಾಖಲೆಯಿಂದ ತೆಗೆಯಿರಿ. ಇವರ ಪರವಾಗಿ ಬೇರೆ ಯಾರಾದರೂ ಮಾತಾಡುವುದಿದ್ದರೆ ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಕೊನೆಯ ಸಭೆ," ಎಂದರು. ಫಕ್ಕೀರವ್ವ ಗೋಲದ ಕಡೆ ನೋಡುತ್ತ ನಿಂತೇ ಇದ್ದಳು. ಸಿಪಾಯಿ ಬಂದು ಕೂಡಲು ಹೇಳಬೇಕಾಯಿತು.

ನನಗೇನು ಅನಿಸಿತು ಎಂದು ಕೇಳಿ. ಪಾಪ ಎನಿಸಿತೇ? ಇಲ್ಲ. ಖುಷಿಯಾಯಿತು! ಫಕ್ಕೀರವ್ವನಿಗೆ ಹೊಟ್ಟೆಕಿಚ್ಚಿಲ್ಲ ಎಂಬುದು ನನಗೆ ಗೊತ್ತು. ಹಾಗಾದರೆ ದೀಪ ಸುಳ್ಳು. ದೀಪ ಸುಳ್ಳಾದರೆ ಮಂದಾಕಿನಿಯ ಸಾಗುವಾನಿ ಕಟ್ಟು ಸುಳ್ಳು, ಮುಖಪುಟ ಸುಳ್ಳು, ಅವಳ ಸ್ವಚ್ಛ ಗಂಟಲು ಸುಳ್ಳು. ಎರಡು ವರ್ಷದಿಂದ ಕಾದಿದ್ದ ದಿನ ಬಂತು ಎಂದುಕೊಂಡು ಹಾಡು ಗುನುಗುತ್ತ ತಂತಿ ಸುತ್ತಿದೆ.

ಮರುದಿನದಿಂದಲೇ ಪ್ರಯೋಗಾಲಯದಲ್ಲಿ ಕೂತೆ. ಪೆಟ್ಟಿಗೆ ಬಿಚ್ಚಿ ಮಂದಾಕಿನಿಯ ತಪ್ಪು ಹುಡುಕತೊಡಗಿದೆ. ಅವಳ ಲೆಕ್ಕಾಚಾರ, ಅವಳ ಜೋಡಣೆ, ಅವಳ ಪ್ರತಿಯೊಂದು ಸಾಲನ್ನೂ ಅತ್ತೆ ಸೊಸೆಯ ಸಾರಿನ ರುಚಿ ನೋಡುವಂತೆ ನೋಡಿದೆ. ಎಲ್ಲವೂ ಸರಿಯಿತ್ತು, ಹೊಟ್ಟೆ ಉರಿಯುವಷ್ಟು ಸರಿಯಿತ್ತು. ಉಳಿದದ್ದು ಒಂದೇ, ಪೆಟ್ಟಿಗೆಗೆ ಪಾಠ ಕಲಿಸಿದ ತುಣುಕುಗಳ ದಾಖಲೆ ಪುಸ್ತಕ.

ಆ ತುಣುಕುಗಳ ಕಥೆ ಹೇಳಬೇಕು. ನಮ್ಮೂರಿನಲ್ಲಿ ಶ್ರಾವಣ ಬಂತೆಂದರೆ ಜನ ಕೊಡೆ ಹಿಡಿದುಕೊಂಡು ಭಾಷಣ ಕೇಳಲು ಹೊರಡುತ್ತಾರೆ. ತಿಂಗಳಿಡೀ ದಿನಾ ಸಂಜೆ ಒಂದು ಉಪನ್ಯಾಸ. ನಲವತ್ತು ವರ್ಷದಿಂದ ನಡೆದುಬಂದದ್ದು. ಆ ವೇದಿಕೆಯ ಮೇಲೆ ಒಂದು ಸಲ ಮಾತಾಡಿದವರು ಸಾಯುವ ತನಕ ಅದನ್ನು ಹೇಳಿಕೊಂಡು ತಿರುಗುತ್ತಾರೆ. ಎಲ್ಲ ಭಾಷಣಗಳನ್ನೂ ಕ್ಯಾಸೆಟ್ಟು ಮಾಡಿ ಇಟ್ಟಿದ್ದರು. ವಿಜ್ಞಾನ ಸಮಾಜಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸಿದ ಭಾಷಣಗಳೇ ಅವುಗಳಲ್ಲಿ ನೂರಾರು. ನಮಗೆ ಬೇಕಾದದ್ದು ಅದೇ. ಮಂದಾಕಿನಿ ಅವುಗಳನ್ನು ತುಣುಕು ಮಾಡಿಸಿದಳು. ಯಾವ ತುಣುಕಿನಲ್ಲಿ ಯಾವ ಭಾವವಿದೆ ಎಂದು ಗುರುತು ಹಾಕುವ ಕೆಲಸ ನನಗೆ ಬಂತು, ಏಕೆಂದರೆ ನನ್ನ ಕಿವಿ ಚುರುಕು. "ವಿಚಾರ ಮಾಡಬ್ಯಾಡ ನೀಲಾ, ಕೇಳಿದ ಕೂಡಲೇ ಮನಸಿಗೆ ಏನ್ ಬರತದ ಅದನ್ನ ಬರಿ," ಎಂದಿದ್ದಳು. ಹನ್ನೊಂದು ತಿಂಗಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತು, ಮನಸ್ಸಿಗೆ ಬಂದದ್ದನ್ನು ಬರೆದೆ.

ಪುಸ್ತಕ ತೆರೆದೆ. ನನ್ನದೇ ಅಕ್ಷರ. ಕಾಳಜಿಗೆ 'ಕಾ', ಅಂಜಿಕೆಗೆ 'ಅಂ', ಲಾಭಕ್ಕೆ 'ಲಾ', ಹೊಟ್ಟೆಕಿಚ್ಚಿಗೆ 'ಹೊ'. ಹೆಂಗಸರ ತುಣುಕುಗಳು ಎಷ್ಟಿವೆ ನೋಡೋಣ ಎಂದು ಎಣಿಸಿದೆ. ಎರಡು ಸಾವಿರ ಚಿಲ್ಲರೆಯಲ್ಲಿ ಬರೀ ಅರವತ್ತೊಂದು. ನಲವತ್ತು ವರ್ಷದಲ್ಲಿ ಆ ವೇದಿಕೆ ಏರಿದ ಹೆಂಗಸರೇ ಅಷ್ಟು ಕಡಿಮೆ. ಅರವತ್ತೊಂದರಲ್ಲಿ ಐವತ್ತೆಂಟರ ಮುಂದೆ 'ಹೊ' ಎಂದಿತ್ತು.

ನಾನೂರ ಹನ್ನೆರಡನೆಯ ತುಣುಕು ಹಾಕಿ ಕೇಳಿದೆ. ಶಾಲೆಯಲ್ಲಿ ಶೌಚಾಲಯವಿಲ್ಲದೆ ಹುಡುಗಿಯರು ದಿನವಿಡೀ ನೀರು ಕುಡಿಯದೆ ಕೂಡುತ್ತಾರೆ, ಕಂಪ್ಯೂಟರು ಆಮೇಲೆ ಕೊಡಿ ಎಂದು ಒಬ್ಬ ಶಿಕ್ಷಕಿ ಮಾತಾಡಿದ್ದು. ದನಿಯಲ್ಲಿ ಕಾಳಜಿಯಲ್ಲದೆ ಬೇರೇನೂ ಇರಲಿಲ್ಲ, ಮಗುವಿಗೂ ತಿಳಿಯುವಂತಿತ್ತು. ಅದರ ಮುಂದೆ ನಾನು 'ಹೊ' ಎಂದು ಒತ್ತಿ ಬರೆದಿದ್ದೆ, ಪೆನ್ನಿನ ಗುರುತು ಹಿಂದಿನ ಹಾಳೆಗೂ ಮೂಡಿತ್ತು.

ಆ ದಿನ ನೆನಪಾಯಿತು. ಉಪನ್ಯಾಸ ಸಮಿತಿಗೆ ನಾನು ಮೂರು ವರ್ಷ ಪತ್ರ ಬರೆದಿದ್ದೆ, ಧ್ವನಿವಿಜ್ಞಾನದ ಬಗ್ಗೆ ಮಾತಾಡುತ್ತೇನೆ ಎಂದು. ಮೂರು ವರ್ಷವೂ 'ಮುಂದಿನ ವರ್ಷ ನೋಡೋಣ' ಎಂದು ಉತ್ತರ ಬಂತು. ಮೂರನೆಯ ಉತ್ತರ ಬಂದ ವಾರವೇ ನಾನು ಈ ತುಣುಕುಗಳಿಗೆ ಗುರುತು ಹಾಕಲು ಕೂತಿದ್ದೆ. ಕಿವಿಯಲ್ಲಿ ಹೆಂಗಸಿನ ದನಿ ಬಂದ ಕೂಡಲೇ, ಇವಳನ್ನು ಕರೆದರು, ನನ್ನನ್ನು ಕರೆಯಲಿಲ್ಲ ಎಂದು ಎದೆ ಉರಿಯುತ್ತಿತ್ತು. ಮನಸ್ಸಿಗೆ ಬಂದದ್ದನ್ನು ಬರೆ ಎಂದಿದ್ದಳಲ್ಲ, ಬರೆದೆ. ಮಾತಾಡಿದವಳ ಭಾವ ಬರೆಯಬೇಕಾದಲ್ಲಿ ಕೇಳಿದವಳ ಭಾವ ಬರೆದಿದ್ದೆ. ಹೆಣ್ಣು ಮೈಕಿನ ಮುಂದೆ ದನಿಯೆತ್ತಿದರೆ ಅದು ಹೊಟ್ಟೆಕಿಚ್ಚು ಎಂದು ಪೆಟ್ಟಿಗೆ ನನ್ನಿಂದಲೇ ಕಲಿತಿತ್ತು. ಎರಡು ವರ್ಷದಿಂದ ನಾಡಿನ ಹೆಂಗಸರಿಗೆಲ್ಲ ಕೆಂಡ ಬರುತ್ತಿದ್ದರೂ ಯಾರೂ ಸಂಶಯಪಡಲಿಲ್ಲ. ಹೆಂಗಸರಲ್ಲವೇ, ಇರಬಹುದು ಎಂದರು. ನಾನೂ ಅಂದಿದ್ದೆ.

ಪುಸ್ತಕ ಎತ್ತಿಕೊಂಡು ಮೇಲಿನ ಮಹಡಿಗೆ ಹೋದೆ. ಮಂದಾಕಿನಿ ದೆಹಲಿಗೆ ಹೊರಡಲು ಚೀಲ ತುಂಬುತ್ತಿದ್ದಳು.

"ಬಾ ನೀಲಾ, ಕೂಡು. ಎಷ್ಟ ದಿನಾತು ನೀ ಮ್ಯಾಲ ಬಂದು."

ನಾನು ಕೂಡಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿ ಪುಸ್ತಕ ತೋರಿಸಿದೆ. ಅವಳು ಒಂದೊಂದೇ ಪುಟ ತಿರುವಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಚೀಲವನ್ನು ಸರಿಸಿ ಕುರ್ಚಿಯ ತುದಿಗೆ ಕುಳಿತಳು.

"ದೀಪ ತಯಾರಾದ ದಿನ ಎಲ್ಲಾರೂ ಮನಿಗೆ ಹೋದ ಮ್ಯಾಲ ನಾ ಒಬ್ಬಾಕಿನ ಅದರ ಮುಂದ ನಿಂತು ಮಾತಾಡಿದೆ," ಎಂದಳು. "ಕೆಂಡ ಬಂತು. ನನಗ ಯಾರ ಮ್ಯಾಲ ಹೊಟ್ಟಿಕಿಚ್ಚು ಅಂತ ಕೂತು ಹುಡುಕಿದೆ. ಸಿಕ್ಕವಳು ನೀನು. ನನಗ ಲೆಕ್ಕ ಬರತಿತ್ತು, ನಿನಗ ಕಿವಿ ಇತ್ತು. ನೀ ಮನಿಗೆ ಹೋದ್ರ ಮಾತಾಡವರಿದ್ರು, ನನಗಿರಲಿಲ್ಲ. ದೀಪ ಹೇಳಿದ್ದು ಖರೆ ಅಂತ ನಂಬಿದೆ. ಅದಕ್ಕ ಪ್ರಬಂಧದಾಗ ನಿನ್ನ ಹೆಸರು ಬರಿಲಿಕ್ಕೆ ಕೈ ಬರಲಿಲ್ಲ. ಅವತ್ತಿನಿಂದ ಇವತ್ತಿನ ತನಕ ನಾ ದೀಪ ಹಚ್ಚಿದ ಮೈಕಿನ ಮುಂದ ಒಮ್ಮಿನೂ ಮಾತಾಡಿಲ್ಲ."

ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಸುಳ್ಳೇಕೆ ಹೇಳಲಿ, ಆ ಕ್ಷಣ ಹಿಗ್ಗಿನಿಂದ ನನ್ನ ಎದೆ ಉಬ್ಬಿತು. ಅದರ ಹಿಂದೆಯೇ ನಾಚಿಕೆಯೂ ಬಂತು, ಸ್ವಲ್ಪ ತಡವಾಗಿ.

"ಸೋಮವಾರ ಕೊನೀ ಸಭಾ ಐತಿ," ಎಂದೆ. "ಅಲ್ಲಿ ಬಂದು ಹೇಳು, ದೀಪ ತಪ್ಪಂತ."

"ಹೇಳಿದ್ರ ಏನಾಗತದ ವಿಚಾರ ಮಾಡು. ನಾಳಿಂದ ಎಲ್ಲಾ ದೀಪ ಆರಿಸ್ತಾರ. ಆ ಉದ್ಯಮಿ, ಆ ನಟ, ಎಲ್ಲಾರೂ ಮತ್ತ ಬಾಯಿಗೆ ಬಂದಂಗ ಮಾತಾಡಲಿಕ್ಕೆ ಸುರು ಮಾಡ್ತಾರ. ಗಂಡಸರ ವಿಷಯದಾಗ ದೀಪ ಸರಿನ ಅದ. ಆರ ತಿಂಗಳು ಕೊಡು. ತುಣುಕಿಗೆಲ್ಲಾ ಹೊಸಾ ಗುರುತು ಹಾಕೋಣು, ಯಾರಿಗೂ ಹೇಳದಂಗ ಸರಿ ಮಾಡೋಣು. ಹೊಸಾ ದೀಪದ ಮ್ಯಾಲ ನಿನ್ನ ಹೆಸರು ಮೊದಲ ಇರತದ, ನನ್ನ ಹೆಸರು ಆಮ್ಯಾಲ. ಬೇಕಾದ್ರ ಈಗ ಬರದು ಕೊಡತೀನಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ದೀಪ ಒಳ್ಳೆಯ ಕೆಲಸವನ್ನೂ ಮಾಡಿತ್ತು. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ. ನನ್ನ ಹೆಸರು ಮೊದಲು, ಅವಳದು ಆಮೇಲೆ. "ಆಗಲಿ," ಎಂದುಬಿಟ್ಟೆ.

ಎರಡು ದಿನ ನನ್ನಷ್ಟು ಸುಖಿ ಧಾರವಾಡದಲ್ಲಿ ಯಾರೂ ಇರಲಿಲ್ಲ. ಶನಿವಾರ ಹೋಳಿಗೆ ಮಾಡಿದೆ. ಚನ್ನವೀರ ತಟ್ಟೆಯನ್ನೂ ನನ್ನನ್ನೂ ನೋಡಿ, "ಹಬ್ಬ ಇಲ್ಲ ಹುಣ್ಣಿಮಿ ಇಲ್ಲ, ಏನ್ ವಿಶೇಷ?" ಎಂದರು. ಹೇಳಲಿಲ್ಲ. ಕಟ್ಟು ಹಾಕಿಸಬೇಕಾದ ದಿನ ಬಂದಾಗ ತಿಳಿಯುತ್ತದೆ ಎಂದುಕೊಂಡೆ.

ರವಿವಾರ ಮುಂಜಾನೆ ಫಕ್ಕೀರವ್ವ ಬಂದಳು. ರೊಟ್ಟಿಯ ಗಂಟು ಕೊಟ್ಟು ಹೋಗುವವಳು ಹೋಗಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖ ಇಳಿದಿತ್ತು.

"ಯಕ್ಕಾರ, ನೀವು ಕಲತವರದೀರಿ, ಒಂದ ಮಾತ ಕೇಳಲೇನ್ರಿ? ಹೊಟ್ಟಿಕಿಚ್ಚು ನಮಗ ಗೊತ್ತಿಲ್ಲದಂಗ ನಮ್ಮೊಳಗ ಇರತೈತೇನ್ರಿ?"

"ಯಾಕವಾ?"

"ಬಾಜೂ ಮನಿ ಸಾಂತವ್ವನ ಮಗಗ ಆ ಭಟ್ಟ್ಯಾಗ ನೌಕರಿ ಸಿಕ್ಕೈತ್ರಿ. ನಾನ ಮೊದಲ ಹೋಗಿ ಸಕ್ಕರಿ ಹಂಚಿ ಬಂದಾಕಿ. ಈಗ ಆಕಿ ನನ್ನ ಕೂಡ ಮಾತ ಬಿಟ್ಟಾಳ. ಮನ್ಯಾಗ ನನ್ನ ಸೊಸಿನೂ ಅಂತಾಳ, ದೀಪ ಸುಳ್ಳ ಹೇಳೂದಿಲ್ಲ ಅಂತ. ಕೂತು ವಿಚಾರ ಮಾಡಿದ್ನಿರಿ. ಇದ್ರೂ ಇರಬಹುದು. ಸಕ್ಕರಿ ಹಂಚುವಾಗ ಒಳಗ ಏನಿತ್ತೋ ಯಾರಿಗ್ಗೊತ್ತು. ನಾಳೆ ನಾ ಬರಾಂಗಿಲ್ರಿ. ಕೆಂಡದಂಥಾ ಹೊಟ್ಟಿ ಇಟ್ಕೊಂಡು ಯಾವ ಬಾಯಿಲೆ ಮಾತಾಡ್ಲಿ?"

ನನ್ನ ಕೈಯಲ್ಲಿ ರೊಟ್ಟಿ ಇನ್ನೂ ಬಿಸಿಯಿತ್ತು. ಈ ಹೆಂಗಸು ತನ್ನೊಳಗೆ ಕೈ ಹಾಕಿ ನನ್ನ ಹೊಲಸನ್ನು ಹುಡುಕುತ್ತಿದ್ದಳು, ಸಿಕ್ಕಿತೆಂದು ನಂಬುತ್ತಲೂ ಇದ್ದಳು. ಮಂದಾಕಿನಿಯೂ ಹಾಗೆಯೇ ಹುಡುಕಿದ್ದಳಲ್ಲ. ಇನ್ನೆಷ್ಟು ಜನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹುಡುಕಿದ್ದಾರೋ. ನನಗೆ ಅಳು ಬಂತು, ಅವಳ ಮುಂದೆಯೇ ಅತ್ತೆ.

"ನಾಳೆ ನೀ ಬರಾಕ ಬೇಕು ಫಕ್ಕೀರವ್ವ," ಎಂದೆ. "ನಿನ್ನೋಣಿ ಹೆಣಮಕ್ಕಳನ್ನೂ ಕರಕೊಂಡ ಬಾ. ತಪ್ಪು ನಿನ್ನ ಹೊಟ್ಟ್ಯಾಗ ಇಲ್ಲ. ಎಲ್ಲೈತಿ ಅಂತ ನಾಳೆ ಎಲ್ಲಾರ ಮುಂದ ಹೇಳತೀನಿ."

ಮಧ್ಯಾಹ್ನ ಚನ್ನವೀರರಿಗೆ ಎಲ್ಲವನ್ನೂ ಹೇಳಿದೆ. ನನ್ನ ಹೆಸರು ಹಾಳಾಗಿ ಹೋಗುತ್ತದೆ ಎಂದು ಗೋಳಾಡಿದೆ. ಅವರು, "ಹೋಗತೈತಿ ಅಂತೀ. ಬಂದಿದ್ದ ಯಾವಾಗ?" ಎಂದರು. ಸಿಟ್ಟು ಬಂತು. ಆಮೇಲೆ ಇಬ್ಬರೂ ನಕ್ಕೆವು, ಆಮೇಲೆ ಅವರು ನನ್ನ ಜೊತೆ ಸಭೆಗೆ ಬರುತ್ತೇನೆ ಎಂದರು.

ಸೋಮವಾರ ಸಭಾಭವನ ತುಂಬಿತ್ತು. ಟೀವಿಯವರೂ ಬಂದಿದ್ದರು. ಸಭೆಗೆ ಮೊದಲು ಮೈಕು, ದೀಪ ಸರಿಯಿವೆಯೇ ಎಂದು ನೋಡುವುದು ನನ್ನ ಕೆಲಸ. ಪ್ರತಿ ಸಲ ಸಿಪಾಯಿಯಿಂದ "ಹಲೋ ಹಲೋ" ಅನ್ನಿಸುತ್ತಿದ್ದೆ. ಅಂದು ಆಯೋಗದ ಸದಸ್ಯೆ ಕಾತ್ಯಾಯಿನಿ ಮೇಡಂ ಹತ್ತಿರ ಹೋದೆ. ಮೈಸೂರಿನ ಕಡೆಯ ಡಾಕ್ಟರು, ಸಭೆಯಲ್ಲಿ ಬರೆದುಕೊಳ್ಳುತ್ತಿದ್ದರೇ ಹೊರತು ಒಂದು ಸಲವೂ ಮೈಕು ಹಿಡಿದವರಲ್ಲ. "ಮೇಡಂ, ತಾವೊಂದು ಸಲ ಮೈಕು ನೋಡ್ತೀರೇನ್ರಿ? ಇವತ್ತಿನ ವಾರ, ಜಾಗ, ಟೈಮು ಹೇಳಿದ್ರ ಸಾಕು," ಎಂದೆ.

ಅವರು ನಗುತ್ತ ಎದ್ದು ಬಂದರು. "ಇವತ್ತು ಸೋಮವಾರ. ಧಾರವಾಡದಲ್ಲಿದ್ದೀವಿ. ಹನ್ನೊಂದು ಗಂಟೆಗೆ ಸಭೆ ಶುರುವಾಗುತ್ತೆ."

ಗೋಲ ಕೆಂಡವಾಯಿತು.

"ಮೇಡಂ, ಯಾರ ಮ್ಯಾಲ್ರೀ ಹೊಟ್ಟಿಕಿಚ್ಚು, ಸೋಮವಾರದ ಮ್ಯಾಲೇನ್ರಿ?" ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ನಾನು ಕಾಲನಿಯ ಹೆಂಗಸರಿಗೆ ಸನ್ನೆ ಮಾಡಿದೆ. ಒಬ್ಬಳು ಬಂದು ತನ್ನ ಹೆಸರು ಹೇಳಿದಳು, ಕೆಂಡ. ಇನ್ನೊಬ್ಬಳು ತನ್ನ ಮನೆದೇವರ ಹೆಸರು ಹೇಳಿದಳು, ಅದಕ್ಕೂ ಕೆಂಡ. ಮೂರನೆಯವಳಿಗೆ ಏನು ಹೇಳಬೇಕೋ ತಿಳಿಯದೆ, ಮನೆಯಲ್ಲಿ ಮಗಳನ್ನು ಕರೆಯುವಂತೆ, "ಬಾರವಾ ಬಂಗಾರಿ, ಉಣ್ಣಾಕ ಬಾ," ಎಂದಳು. ಗೋಲ ಧಗಧಗ ಎಂದಿತು. ಈಗ ಯಾರೂ ನಗಲಿಲ್ಲ.

"ಏನಿದು? ಯಂತ್ರ ಕೆಟ್ಟಿದೆಯೇ?" ಎಂದು ಅಧ್ಯಕ್ಷರು ಕೇಳಿದರು.

ನಾನು ಮೈಕಿನ ಮುಂದೆ ಹೋಗಿ ನಿಂತೆ. ಎಷ್ಟೋ ವರ್ಷ ಆಸೆಪಟ್ಟಿದ್ದ ಜಾಗ ಅದು, ಎದುರಿಗೆ ತುಂಬಿದ ಸಭೆ.

"ಕೆಟ್ಟಿಲ್ರಿ ಸರ್. ನಾ ಕಲಿಸಿದ್ದನ್ನ ಅದು ಸರಿಯಾಗಿ ಕಲತೈತಿ. ಇದರ ತುಣುಕಿಗೆಲ್ಲಾ ಗುರುತು ಹಾಕಿದಾಕಿ ನಾನು. ವೇದಿಕಿ ಮ್ಯಾಲೆ ಮಾತಾಡಿದ ಹೆಣಮಕ್ಕಳನ್ನ ಕಂಡ್ರ ನನಗ ಆಗ್ತಿರಲಿಲ್ಲ. ಅದಕ್ಕ ಅವರೆಲ್ಲಾರ ಮುಂದ ಹೊಟ್ಟಿಕಿಚ್ಚು ಅಂತ ಬರದೆ. ಅದು ಅವರದಲ್ಲ, ನಂದು. ಪುಸ್ತಕ ಇಲ್ಲೈತಿ, ನೋಡ್ರಿ."

ಗೋಲ ಕೆಂಡದಂತೆ ಉರಿಯುತ್ತಿತ್ತು. ಕಂಪನಿಯ ವಕೀಲರು ಥಟ್ಟನೆ ಎದ್ದರು. "ಸ್ವಾಮಿ, ಇವರ ಮಾತಿಗೂ ಕೆಂಡ ಬಂದಿದೆ. ದೀಪ ಮಾಡಿದವರ ಮೇಲೆ ಇವರಿಗೆ ಅಸೂಯೆ. ಈ ಹೇಳಿಕೆಯನ್ನೂ ತೆಗೆದುಹಾಕಬೇಕು."

"ಅಸೂಯೆ ಐತಿ," ಎಂದೆ. "ಇಲ್ಲ ಅಂದವರ್ಯಾರು? ಮಂದಾಕಿನಿ ಮ್ಯಾಲ ಐತಿ, ಈ ಮೇಡಂ ಮ್ಯಾಲೂ ಐತಿ. ಇವತ್ತ ಇಷ್ಟ ಮಂದಿ ಹೆಣಮಕ್ಕಳಿಗೆ ಕೆಂಡ ಬಂತಲ್ರಿ, ಅದರೊಳಗ ಸರಿ ಬಂದದ್ದು ನನಗೊಬ್ಬಾಕಿಗೆ. ಹಂಗಂತ ನಾ ಹೇಳಿದ್ದು ಸುಳ್ಳಾಗತೈತೇನು? ಪುಸ್ತಕ ತಗದು ನೋಡ್ರಿ."

ಅಧ್ಯಕ್ಷರು ಪುಸ್ತಕ ತರಿಸಿಕೊಂಡರು. ಕಾತ್ಯಾಯಿನಿ ಮೇಡಂ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದರು. ನನ್ನ ಚೀಲದಲ್ಲಿ ಫೋನು ಬಿಡದೆ ಅದುರುತ್ತಿತ್ತು. ದೆಹಲಿಯಲ್ಲಿ ಮಂದಾಕಿನಿ ಟೀವಿ ನೋಡುತ್ತಿರಬೇಕು. ಎತ್ತಲಿಲ್ಲ. ಅಷ್ಟರಲ್ಲಿ ಫಕ್ಕೀರವ್ವ ಎದ್ದು ಮೈಕಿನ ಹತ್ತಿರ ಬಂದಳು. ಅಧ್ಯಕ್ಷರ ಕಡೆಗಲ್ಲ, ನನ್ನ ಕಡೆಗೆ ತಿರುಗಿದಳು.

"ನಾವು ಮಾತಾಡಿದ್ರ ನಿಮ್ಮ ಹೊಟ್ಟಿ ಯಾಕ್ರೀ ಉರೀತು, ಯಕ್ಕಾರ? ನಿಮಗೇನ್ ಕಡಿಮಿ ಆಗಿತ್ತು?"

ಇದಕ್ಕೆ ಉತ್ತರ ನನಗೆ ಗೊತ್ತಿತ್ತು, ಹೇಳಿದರೆ ಎಷ್ಟು ಸಣ್ಣದಾಗಿ ಕೇಳುತ್ತದೆ ಎಂಬುದೂ ಗೊತ್ತಿತ್ತು.

"ನನ್ನ ಯಾರೂ ಕರೀಲಿಲ್ಲ ಫಕ್ಕೀರವ್ವ," ಎಂದೆ.

ಅವಳು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ನಮ್ಮನ್ನೂ ಯಾರೂ ಕರದಿಲ್ರಿ, ನಾವ ಬಂದೀವಿ," ಎಂದು ಮೈಕಿನ ಕಡೆ ತಿರುಗಿದಳು.

ಅಧ್ಯಕ್ಷರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. "ದೀಪ ಆರಿಸಿ," ಎಂದರು. ನಾನೇ ಹೋಗಿ ತಂತಿ ಕಿತ್ತೆ. ಫಕ್ಕೀರವ್ವ ಆರಿದ ಗೋಲವನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡಳು.

"ನನ್ನ ಹೊಟ್ಟ್ಯಾಗ ಏನರ ಇರ್ಲಿ ಸಾಹೇಬ್ರ, ಅದು ನಂದು. ಬಾವಿ ನೀರು ವಾಸನಿ ಬರಾಕತ್ತೈತಿ, ಅದನ್ನ ಬರಕೋರಿ."

ಗುಮಾಸ್ತ ಬರೆದುಕೊಂಡ. ಅವಳು ನಿಲ್ಲಲಿಲ್ಲ. ಯಾವ ತಿಂಗಳು ನೀರಿನ ಬಣ್ಣ ತಿರುಗಿತು, ಯಾರ ಮನೆಯ ಕೂಸು ಯಾವ ವಾರ ಆಸ್ಪತ್ರೆಗೆ ಹೋಯಿತು, ಗಾಳಿ ಯಾವ ಕಡೆಯಿಂದ ಬೀಸಿದರೆ ಕಣ್ಣು ಉರಿಯುತ್ತದೆ ಎಂಬುದನ್ನೆಲ್ಲ ಒಂದು ಚೀಟಿಯೂ ಇಲ್ಲದೆ ಹದಿನೈದು ನಿಮಿಷ ಹೇಳಿದಳು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದಳು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿದಳು. ಮೂವತ್ತು ವರ್ಷ ದನಿಗಳನ್ನೇ ಕೇಳುತ್ತ ಬಂದವಳು ನಾನು, ಅಂಥ ಮಾತನ್ನು ಕೇಳಿರಲಿಲ್ಲ. ಆ ಮೂರು ವರ್ಷವೂ ಸಮಿತಿಯವರು ನನ್ನನ್ನು ಕರೆದಿದ್ದರೂ ಇದರ ಕಾಲುಭಾಗದಷ್ಟು ಚೆನ್ನಾಗಿ ನಾನು ಮಾತಾಡುತ್ತಿರಲಿಲ್ಲ ಎಂದು ಗೊತ್ತಾದಾಗ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಅವಳು ಕೈಮುಗಿದು ಇಳಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು. ತಟ್ಟುತ್ತಿದ್ದಷ್ಟು ಹೊತ್ತೂ ಉರಿಯುತ್ತಲೇ ಇತ್ತು.